ಕಲಿಯುವುದನ್ನು ಬಿಟ್ಟ ಬ್ಯಾಡ್ಜರ್: ಒಂದು ಆಡ್-ಆನ್‌ನ ಪ್ರಕರಣ

ನೆಂಟರಿಷ್ಟರ ಕಂಪ್ಯೂಟರಿಗೆ ಪ್ರೈವಸಿ ಬ್ಯಾಡ್ಜರ್ ಎಂಬ ಆಡ್-ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಹಾಕಿಕೊಡುವಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಇದು ಮನೆ ನಾಯಿ ಇದ್ದ ಹಾಗೆ. ಬಂದು ಹೋಗುವವರನ್ನು ನೋಡ್ತಾ ನೋಡ್ತಾ ಯಾರಿಗೆ ಬೊಗಳಬೇಕು ಅಂತ ತಾನೇ ಕಲಿಯುತ್ತೆ." 2020ರ ಅಕ್ಟೋಬರ್ 7ರಿಂದ ಆ ಮಾತು ಹೇಳುವ ಹಾಗಿಲ್ಲದಂತಾಯಿತು. ಬಳಸುವವರ ಬ್ರೌಸರಿನಲ್ಲೇ ಕೂತು, ತಾಣದಿಂದ ತಾಣಕ್ಕೆ ಜನರನ್ನು ಹಿಂಬಾಲಿಸುವ ಟ್ರ್ಯಾಕರುಗಳನ್ನು ಗುರುತಿಸುವ ಕಲಿಕೆಯನ್ನು ಇನ್ನು ಮುಂದೆ ಎಲ್ಲರಿಗೂ ಆಫ್ ಮಾಡಿಯೇ ಕೊಡುತ್ತೇವೆ ಎಂದು ಅದನ್ನು ತಯಾರಿಸುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅಂದು ಪ್ರಕಟಿಸಿತು. ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬಹುದು. ಕಾರಣ: ಆ ಕಲಿಕೆಯೇ ನಿಮ್ಮ ಗುರುತು ಬಿಟ್ಟುಕೊಡಬಹುದು.

ಬ್ಯಾಡ್ಜರ್ ಹೆಸರು ಮಾಡಿದ್ದೇ ಕಲಿಕೆಯಿಂದ. ಹೀಗಾಗಿ ಸುದ್ದಿ ಓದಿದ ಹಲವರು ಇದನ್ನು ಸೋಲು ಎಂದುಕೊಂಡರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ನಡೆದದ್ದೇನು ಎಂದು ಬಿಡಿಸಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಟ್ರ್ಯಾಕರ್ ತಡೆಯುವ ಆಡ್-ಆನ್ ಬಳಸುವ ಪ್ರತಿಯೊಬ್ಬರಿಗೂ ಈ ಪ್ರಕರಣ ಗೊತ್ತಿರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೂರು ತಾಣಗಳ ಲೆಕ್ಕ

ಫೌಂಡೇಶನ್ ಇರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1990ರಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಬ್ಯಾಡ್ಜರ್‌ನ ಮೊದಲ ಪರೀಕ್ಷಾ ಆವೃತ್ತಿ ಬಂದದ್ದು 2014ರ ಮೇ ತಿಂಗಳಲ್ಲಿ, 1.0 ಆವೃತ್ತಿ 2015ರ ಆಗಸ್ಟ್‌ನಲ್ಲಿ. ಆ ಹೊತ್ತಿಗೆ ‘ಡು ನಾಟ್ ಟ್ರ್ಯಾಕ್’ ಎಂಬ ಪ್ರಯತ್ನ ನೆಲ ಕಚ್ಚುತ್ತಿತ್ತು. "ನನ್ನನ್ನು ಹಿಂಬಾಲಿಸಬೇಡಿ" ಎಂದು ಬ್ರೌಸರ್ ಪ್ರತಿ ತಾಣಕ್ಕೂ ಒಂದು ಸಂಕೇತ ಕಳಿಸುತ್ತಿತ್ತು. ಜಾಹೀರಾತು ಕಂಪನಿಗಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೇಳಿಕೊಂಡರೆ ಆಗದ ಕೆಲಸವನ್ನು ತಡೆದು ಮಾಡಿಸೋಣ ಎಂಬ ಹಟದಿಂದ ಹುಟ್ಟಿದ್ದು ಬ್ಯಾಡ್ಜರ್. ಬ್ಯಾಡ್ಜರ್ ಅಂದರೆ ನೆಲ ತೋಡಿ ಬಿಲದಲ್ಲಿ ಬದುಕುವ, ಗಾತ್ರಕ್ಕೆ ಮೀರಿದ ಧೈರ್ಯದ ಪ್ರಾಣಿ.

ಅದು ಮಾಡುತ್ತಿದ್ದ ಲೆಕ್ಕ ಸರಳ. ಬೆಳಿಗ್ಗೆ ನೀವು ಒಂದು ಸುದ್ದಿ ತಾಣ ತೆರೆಯುತ್ತೀರಿ ಅಂದುಕೊಳ್ಳಿ. ಪುಟದ ಎಲ್ಲೋ ಮೂಲೆಯಲ್ಲಿ 1 ಪಿಕ್ಸೆಲ್ ಅಗಲ, 1 ಪಿಕ್ಸೆಲ್ ಎತ್ತರದ ಪಾರದರ್ಶಕ ಚಿತ್ರವೊಂದು ಕೂತಿರುತ್ತದೆ. ನಿಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಚಿತ್ರ ಬರುವುದು ಸುದ್ದಿ ತಾಣದಿಂದಲ್ಲ, ಬೇರೊಂದು ಕಂಪನಿಯ ಸರ್ವರಿನಿಂದ. ಅದನ್ನು ತರಲು ಹೋದ ನಿಮ್ಮ ಬ್ರೌಸರ್, ತಾನು ಯಾವ ತಾಣದಿಂದ ಬಂದೆ ಎಂಬುದನ್ನೂ ಆ ಕಂಪನಿ ಹಿಂದೆ ನಿಮಗೆ ಅಂಟಿಸಿದ್ದ ಕುಕೀ ಎಂಬ ಗುರುತಿನ ಚೀಟಿಯನ್ನೂ ಒಪ್ಪಿಸಿ ಬರುತ್ತದೆ. ಮಧ್ಯಾಹ್ನ ಬಿಸಿಬೇಳೆ ಬಾತ್ ಮಾಡುವುದು ಹೇಗೆ ಎಂದು ಹುಡುಕುತ್ತೀರಿ. ಅಡುಗೆ ತಾಣದಲ್ಲೂ ಅದೇ ಕಂಪನಿಯ ಚುಕ್ಕೆ. ರಾತ್ರಿ ಮೊಣಕಾಲು ನೋವಿಗೆ ಯಾವ ವ್ಯಾಯಾಮ ಒಳ್ಳೆಯದು ಎಂದು ಓದುತ್ತೀರಿ, ಅಲ್ಲೂ ಅದೇ. ಮೂರು ತಾಣಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಆ ಕಂಪನಿಯ ದಫ್ತರದಲ್ಲಿ ನಿಮ್ಮ ಇಡೀ ದಿನ ಒಂದೇ ಸಾಲಿನಲ್ಲಿ ಬರೆದಿರುತ್ತದೆ.

ಬ್ಯಾಡ್ಜರ್ ಆ ಸಾಲನ್ನು ನಿಮ್ಮ ಕಡೆಯಿಂದ ಎಣಿಸುತ್ತಿತ್ತು. ಒಂದೇ ಮೂರನೆಯವರ ಡೊಮೇನ್ (ಅಂದರೆ ಬೇರೊಂದು ಕಂಪನಿಯ ತಾಣದ ವಿಳಾಸ) ಗುರುತು ಹಚ್ಚುವ ಕೆಲಸವನ್ನು ಮೂರು ಬೇರೆ ಬೇರೆ ತಾಣಗಳಲ್ಲಿ ಮಾಡಿದ್ದು ಕಂಡರೆ, ಮುಂದಕ್ಕೆ ಅದಕ್ಕೆ ಬಾಗಿಲಿಲ್ಲ. ಪಾಪ್‌ಅಪ್‌ನಲ್ಲಿ ಆ ಹೆಸರಿನ ಪಕ್ಕದ ಸ್ಲೈಡರ್ ಕೆಂಪಿಗೆ ಬರುತ್ತದೆ. ತಡೆದರೆ ಪುಟವೇ ಮುರಿದುಬೀಳುತ್ತದೆ ಎನ್ನುವಂಥವು, ನಕ್ಷೆ, ಕೆಲವು ಚಿತ್ರ ಸರ್ವರ್‌ಗಳು, ಹಳದಿಯಲ್ಲಿ ನಿಲ್ಲುತ್ತವೆ. ಅವು ಲೋಡ್ ಆಗುತ್ತವೆ, ಕುಕೀ ಮಾತ್ರ ಸಿಗುವುದಿಲ್ಲ. ಉಳಿದವು ಹಸಿರು.

ನಾನು ಇದನ್ನು ಮೆಚ್ಚಿದ್ದು ಅದರ ನ್ಯಾಯಕ್ಕೆ. ಬೇರೆ ತಡೆ ಆಡ್-ಆನ್‌ಗಳು ಬಹುಮಟ್ಟಿಗೆ ಮನುಷ್ಯರು ಕೂತು ಬರೆದ ಪಟ್ಟಿಗಳ ಮೇಲೆ ನಡೆಯುತ್ತವೆ. ಆ ಪಟ್ಟಿಗಳನ್ನು ಸಾಕುತ್ತಿರುವ ಸ್ವಯಂಸೇವಕರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಪಟ್ಟಿಗೆ ಯಾವುದು ಸೇರಬೇಕು, ಯಾವುದು ಬೇಡ ಎಂಬುದರಲ್ಲಿ ಯಾರದೋ ತೀರ್ಮಾನ ಇದ್ದೇ ಇರುತ್ತದೆ. ಬ್ಯಾಡ್ಜರ್ ಹೆಸರು ನೋಡುತ್ತಿರಲಿಲ್ಲ, ನಡತೆ ನೋಡುತ್ತಿತ್ತು. ಜಾಹೀರಾತಾಗಲಿ, ಅಂಕಿಅಂಶದ ಸೇವೆಯಾಗಲಿ, ಹಿಂಬಾಲಿಸಿದರೆ ಕೆಂಪು, ಇಲ್ಲದಿದ್ದರೆ ಬಿಡು. 2019ರ ಜುಲೈನಲ್ಲಿ ಅದರ ಕಲಿಕೆಯನ್ನು ಇನ್ನಷ್ಟು ಹರಿತ ಮಾಡಿದರು. ಮೂಲ ತಾಣದ ಕುಕೀಯನ್ನೇ ಎತ್ತಿಕೊಂಡು ಹೊರಗೆ ಸಾಗಿಸುವ ಸೇವೆಗಳೂ ಸಿಕ್ಕಿಬಿದ್ದವು. ಅದುವರೆಗೆ ಬ್ಯಾಡ್ಜರ್‌ನ ಕಣ್ಣಿಗೆ ಬೀಳದೆ ಉಳಿದಿದ್ದ ಗೂಗಲ್ ಅನಲಿಟಿಕ್ಸ್ ಕೂಡ ಆಗ ತಡೆಯ ಪಟ್ಟಿಗೆ ಸೇರಿತು.

ಒಂದೇ ಕೊರತೆ: ಹೊಸದಾಗಿ ಹಾಕಿಕೊಂಡಾಗ ಅದಕ್ಕೆ ಏನೂ ಗೊತ್ತಿರುತ್ತಿರಲಿಲ್ಲ. ಇದಕ್ಕೆ 2018ರಲ್ಲಿ ಪರಿಹಾರ ಹುಡುಕಿದರು. ಬ್ಯಾಡ್ಜರ್ ಹಾಕಿದ ಬ್ರೌಸರನ್ನು ಒಂದು ಯಂತ್ರದಲ್ಲಿ ಓಡಿಸಿ, ಹೆಚ್ಚು ಜನ ನೋಡುವ ಸಾವಿರಾರು ತಾಣಗಳಿಗೆ ತಾನಾಗಿ ಸುತ್ತಿಸಿ, ಅದು ಕಲಿತದ್ದನ್ನು ಹೊಸಬರಿಗೆ ಬುತ್ತಿ ಕಟ್ಟಿಕೊಟ್ಟರು. ಆ ಯಂತ್ರಕ್ಕೆ ಬ್ಯಾಡ್ಜರ್ ಸೆಟ್ ಎಂದು ಹೆಸರು. ಸೆಟ್ ಎಂದರೆ ಬ್ಯಾಡ್ಜರ್‌ನ ಬಿಲ. ಈ ಬುತ್ತಿ ಆಗ ಬರೀ ಆರಂಭಕ್ಕೆ. ಮುಂದಿನ ಕಲಿಕೆ ಅವರವರ ಬ್ರೌಸರಿನಲ್ಲಿ, ಅವರವರ ಓಡಾಟದ ಪ್ರಕಾರ. ಈ ‘ಅವರವರ’ ಎಂಬ ಮಾತಿನಲ್ಲೇ ಬಿರುಕಿತ್ತು.

ಸಫಾರಿಯಲ್ಲಿ ಮೊದಲು ಕಂಡದ್ದು

ಬಿರುಕು ಮೊದಲು ಬಯಲಾದದ್ದು ಬೇರೆ ಮನೆಯಲ್ಲಿ. ಆಪಲ್ 2017ರಿಂದ ಸಫಾರಿ ಬ್ರೌಸರಿನಲ್ಲಿ ಇಂಟೆಲಿಜೆಂಟ್ ಟ್ರ್ಯಾಕಿಂಗ್ ಪ್ರಿವೆನ್ಶನ್ ಎಂಬ ವ್ಯವಸ್ಥೆ ತಂದಿತ್ತು. ಅದೂ ಬಳಸುವವರ ಸಾಧನದಲ್ಲೇ ಕೂತು, ಯಾವ ಡೊಮೇನ್ ಎಷ್ಟು ಕಡೆ ತಲೆ ಹಾಕುತ್ತಿದೆ ಎಂದು ನೋಡಿ ಕಲಿಯುವಂಥದ್ದೇ. ಗೂಗಲ್‌ನ ಭದ್ರತಾ ತಂಡದವರು ಅದರ ದೋಷಗಳನ್ನು ಆಪಲ್‌ಗೆ ತಿಳಿಸಿದರು, 2019ರ ಡಿಸೆಂಬರ್‌ನಲ್ಲಿ ಆಪಲ್ ಒಂದು ಸುತ್ತು ದುರಸ್ತಿ ಮಾಡಿತು, 2020ರ ಜನವರಿಯಲ್ಲಿ ಆ ತಂಡದ ಪ್ರಬಂಧ ಹೊರಬಂತು. ಮರು ತಿಂಗಳು, ಅಂದರೆ ಫೆಬ್ರವರಿಯಲ್ಲಿ, ಅದೇ ತಂಡದ ಎಚ್ಚರಿಕೆ ಬ್ಯಾಡ್ಜರ್ ತಯಾರಕರಿಗೂ ತಲುಪಿತು.

ಜಾಹೀರಾತಿನಿಂದ ಬದುಕುವ ಕಂಪನಿಯೇ ಟ್ರ್ಯಾಕರ್ ತಡೆಯುವ ಉಪಕರಣದ ತಪ್ಪು ಹುಡುಕಿದ್ದನ್ನು ಅನುಮಾನದಿಂದ ನೋಡಿದವರು ಇದ್ದಾರೆ. ನನಗೆ ಆ ಅನುಮಾನ ಇಲ್ಲ. ತೋರಿಸಿದ ತೂತು ನಿಜವಾಗಿತ್ತು, ಅದನ್ನು ಮೊದಲು ತಯಾರಕರಿಗೆ ಗುಟ್ಟಾಗಿ ತಿಳಿಸಿದರು. ಫೌಂಡೇಶನ್ ಕೂಡ ಬಹಿರಂಗವಾಗಿ ಅವರಿಗೆ ಧನ್ಯವಾದ ಹೇಳಿತು. ಭದ್ರತೆಯ ಕೆಲಸದಲ್ಲಿ ಇದೇ ಮರ್ಯಾದೆಯ ದಾರಿ.

ತಿಳಿಸಿದ್ದು ಎರಡು ಬಗೆಯ ವಿಷಯ. ಒಂದು ಗಂಭೀರ ದೋಷ, ಅದಕ್ಕೆ ಕಾರಣವಾದ ಸೌಲಭ್ಯವನ್ನು ಕೂಡಲೇ ಕಿತ್ತುಹಾಕಿದರು. ಇನ್ನೊಂದನ್ನು ಹಾಗೆ ಕಿತ್ತುಹಾಕಲು ಬರುವಂತಿರಲಿಲ್ಲ, ಯಾಕೆಂದರೆ ಅದು ಕಲಿಕೆಯ ಬುಡದಲ್ಲೇ ಇತ್ತು.

ಮೂವತ್ತಮೂರು ಕವಡೆ

ಚೌಕಾಬಾರ ಆಡಿದವರಿಗೆ ಇದನ್ನು ಹೇಳುವುದು ಸುಲಭ. ಕವಡೆ ಬಿದ್ದರೆ ಎರಡೇ ಸಾಧ್ಯತೆ: ಅಂಗಾತ ಇಲ್ಲವೇ ಬೋರಲು. ಬ್ಯಾಡ್ಜರ್‌ನ ಮಟ್ಟಿಗೆ ಪ್ರತಿ ಡೊಮೇನೂ ಒಂದೊಂದು ಕವಡೆ. ತಡೆದಿದ್ದರೆ ಅಂಗಾತ, ತಡೆಯದಿದ್ದರೆ ಬೋರಲು ಅಂದುಕೊಳ್ಳೋಣ.

ಈಗ ಕೆಟ್ಟ ಉದ್ದೇಶದ ಒಬ್ಬ 33 ಡೊಮೇನುಗಳನ್ನು ಕೊಂಡುಕೊಂಡು ಸಾಲಾಗಿ ಇಡುತ್ತಾನೆ. ಇವುಗಳ ಜೊತೆಗೆ ಅವನದೇ ಮೂರು ಸಾಮಾನ್ಯ ತಾಣಗಳಿವೆ. ನೀವು ಅವನ ಬಲೆಗೆ ಸೇರಿದ ಒಂದು ಪುಟಕ್ಕೆ ಮೊದಲ ಸಲ ಬಂದಿರಿ. ಅವನು ನಿಮಗೊಂದು ಸಂಖ್ಯೆ ಕೊಡಬೇಕು. ಆ ಸಂಖ್ಯೆಯನ್ನು ಅಂಗಾತ-ಬೋರಲುಗಳ ಸಾಲಾಗಿ ಬರೆದುಕೊಂಡು, ಅಂಗಾತ ಆಗಬೇಕಾದ ಡೊಮೇನುಗಳನ್ನಷ್ಟೇ ಮೂರೂ ತಾಣಗಳಲ್ಲಿ ಟ್ರ್ಯಾಕರಿನ ಹಾಗೆ ನಡೆದುಕೊಳ್ಳುವಂತೆ ಮಾಡುತ್ತಾನೆ. ನಿಮ್ಮ ಬ್ರೌಸರನ್ನು ಆ ಮೂರು ತಾಣಗಳ ಮೂಲಕ ಹಾಯಿಸುತ್ತಾನೆ. ಬ್ಯಾಡ್ಜರ್ ಪ್ರಾಮಾಣಿಕವಾಗಿ ಎಣಿಸುತ್ತದೆ: ಒಂದು, ಎರಡು, ಮೂರು. ಕೆಂಪು. ತಾನು ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂಬ ಲೆಕ್ಕದಲ್ಲೇ ಅದು ಅವನ ಅಂಕಿಯನ್ನು ನಿಮ್ಮ ಬ್ರೌಸರಿನಲ್ಲಿ ಬರೆದುಕೊಟ್ಟಿರುತ್ತದೆ.

ಓದುವುದು ಇನ್ನೂ ಸುಲಭ. ಮುಂದೆ ನೀವು ಅವನ ಕೈವಾಡವಿರುವ ಯಾವುದೇ ಪುಟ ತೆರೆದರೂ ಆ ಪುಟ 33 ಡೊಮೇನುಗಳಿಗೂ ಒಂದೊಂದು ಚಿಕ್ಕ ಚಿತ್ರ ಕೇಳುತ್ತದೆ. ಬಂದದ್ದು ಬೋರಲು, ಬಾರದ್ದು ಅಂಗಾತ. ಸಾಲು ಓದಿದರೆ ನಿಮ್ಮ ಸಂಖ್ಯೆ ಸಿಕ್ಕಿತು. ನೀವು ಕುಕೀಗಳನ್ನೆಲ್ಲ ಅಳಿಸಿ ಬಂದಿದ್ದರೂ ಪ್ರಯೋಜನವಿಲ್ಲ, ಯಾಕೆಂದರೆ ಆಡ್-ಆನ್ ಕಲಿತದ್ದು ಬೇರೆ ಕಡೆ ಇರುತ್ತದೆ, ಕುಕೀಗಳ ಜೊತೆ ಅದು ಅಳಿಯುವುದಿಲ್ಲ.

33 ಎಂಬ ಅಂಕಿ ಯಾಕೆ ಅಂದರೆ, 10 ಕವಡೆಗಳಿಂದ 1,024 ಬೇರೆ ಬೇರೆ ಸಾಲು ಆಗುತ್ತವೆ, 20ರಿಂದ 10 ಲಕ್ಷಕ್ಕೂ ಮಿಕ್ಕಿ, 33ರಿಂದ ಸುಮಾರು 859 ಕೋಟಿ. ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಒಂದೊಂದು ಅಂಕಿ ಕೊಟ್ಟು ಇನ್ನೂ ಉಳಿಸುವಷ್ಟು.

ಈ ಲೆಕ್ಕ ಬ್ಯಾಡ್ಜರ್‌ನ ಮನೆಗೆ ಹೊಸದೇನಲ್ಲ. ಬ್ಯಾಡ್ಜರ್ ರೂಪಿಸುವುದರಲ್ಲಿ ಮುಂದಾಳಾಗಿದ್ದ ಪೀಟರ್ ಎಕರ್ಸ್ಲಿ 2010ರಲ್ಲೇ ಇಂಥದೇ ಅಳತೆಯೊಂದನ್ನು ಮಾಡಿದ್ದರು. ಕುಕೀ ಇಲ್ಲದೆ, ಬ್ರೌಸರ್ ತಾನಾಗಿ ಹೇಳಿಕೊಳ್ಳುವ ಫಾಂಟ್, ಪ್ಲಗಿನ್, ಪರದೆಯ ಅಳತೆ ಇಂಥವುಗಳಿಂದಲೇ ಒಬ್ಬರನ್ನು ಎಷ್ಟು ಗುರುತಿಸಬಹುದು ಎಂದು ನೋಡಲು 4,70,161 ಬ್ರೌಸರುಗಳ ಮಾಹಿತಿ ಸಂಗ್ರಹಿಸಿದರು. ಅವುಗಳಲ್ಲಿ ಶೇ. 83.6ರಷ್ಟು ಒಂದರಂತೆ ಇನ್ನೊಂದಿರಲಿಲ್ಲ. ಒಂದು ಬ್ರೌಸರಿನಿಂದ ಕನಿಷ್ಠ 18.1 ಬಿಟ್‌ನಷ್ಟು (ಒಂದು ಕವಡೆ ಅಂದರೆ ಒಂದು ಬಿಟ್) ಗುರುತು ಸೋರುತ್ತಿತ್ತು. ಅಂದರೆ ಸುಮ್ಮನೆ ಒಂದು ಬ್ರೌಸರ್ ಎತ್ತಿಕೊಂಡರೆ ಅದರಂಥದೇ ಇನ್ನೊಂದು ಸಿಗುವುದು ಹೆಚ್ಚೆಂದರೆ 2,86,777ರಲ್ಲಿ ಒಂದು. ಕಂಪ್ಯೂಟರ್ ವಿಜ್ಞಾನದಲ್ಲಿ ಇದನ್ನು ಬೆರಳಚ್ಚು ಎನ್ನುತ್ತಾರೆ. ಬೆರಳಚ್ಚಿನ ಅಪಾಯವನ್ನು ಲೋಕಕ್ಕೆ ಅಂಕಿಯಲ್ಲಿ ತೋರಿಸಿದ ಸಂಸ್ಥೆಯ ಕೈಯಿಂದಲೇ ಬೆರಳಚ್ಚು ಬರೆಯಬಲ್ಲ ಉಪಕರಣ ಹೊರಬಂದಿತ್ತು. ಯಾರನ್ನೂ ಚುಚ್ಚಲು ಈ ಮಾತು ಹೇಳುತ್ತಿಲ್ಲ. ಅಷ್ಟು ತಿಳಿದವರ ಕಣ್ಣಿಗೂ ಆರು ವರ್ಷ ಬೀಳದೆ ಉಳಿಯುವಷ್ಟು ಆಳದ ತೂತು ಅದು.

ಬೇಕೆಂದೇ ಬರೆಯದಿದ್ದರೂ ಸೋರಿಕೆ ಇದ್ದೇ ಇತ್ತು. ನನ್ನ ನಾಯಿಯ ಹೋಲಿಕೆಗೇ ಬರುತ್ತೇನೆ. ಓಣಿಯಲ್ಲಿ ಹೋಗುವವನು, ನಾಯಿ ಯಾರಿಗೆ ಬೊಗಳುತ್ತದೆ, ಯಾರನ್ನು ಸುಮ್ಮನೆ ಬಿಡುತ್ತದೆ ಎಂದು ನಾಲ್ಕು ದಿನ ನೋಡಿದರೆ ಆ ಮನೆಗೆ ಯಾರ ಒಡನಾಟವಿದೆ ಎಂದು ಹೇಳಬಲ್ಲ. ಯಾವುದೋ ಟ್ರ್ಯಾಕರ್ ಒಂದೇ ಕಾಯಿಲೆಗೆ ಸಂಬಂಧಿಸಿದ ನಾಲ್ಕೈದು ತಾಣಗಳಲ್ಲಿ ಮಾತ್ರ ಇದೆ ಎನ್ನಿ. ನಿಮ್ಮ ಬ್ಯಾಡ್ಜರ್ ಅದನ್ನು ಕಲಿತು ತಡೆದಿದೆ ಎಂದಾದರೆ, ನೀವು ಅವುಗಳಲ್ಲಿ ಮೂರಕ್ಕಾದರೂ ಹೋಗಿದ್ದೀರಿ. ತಡೆಯೇ ಸಾಕ್ಷಿ ಹೇಳುತ್ತದೆ. ಭೇಟಿ ಕೊಟ್ಟ ಪುಟಗಳಿಂದ ಕೆಲವು ಬಗೆಯ ಮಾಹಿತಿ ಹೊರಗೆಳೆಯುವುದೂ ತತ್ತ್ವದ ಮಟ್ಟಿಗೆ ಸಾಧ್ಯವಿತ್ತು.

ಇದನ್ನು ಯಾರಾದರೂ ನಿಜವಾಗಿ ಬಳಸಿದರೇ? ಗೂಗಲ್ ತಂಡ ತೋರಿಸಿದ್ದು ಪ್ರಯೋಗದ ಮಾದರಿಗಳನ್ನಷ್ಟೇ, ಬಳಕೆದಾರರ ಮೇಲೆ ಇದು ನಡೆದಿದೆ ಎನ್ನುವುದಕ್ಕೆ ಸುಳಿವೇನೂ ಕಂಡಿಲ್ಲ ಎಂದು ಫೌಂಡೇಶನ್ ಹೇಳಿತು.

ಕೊಟ್ಟ ಬೆಲೆ

ಈ ಉಪಾಯದ ಜಾತಿ ಹಳೆಯದು. ಒಂದು ತಾಣಕ್ಕೆ ಸುರಕ್ಷಿತ ಸಂಪರ್ಕದಲ್ಲೇ ಹೋಗು ಎಂದು ಬ್ರೌಸರಿಗೆ ನೆನಪಿಡಲು ಹೇಳುವ ಎಚ್‌ಎಸ್‌ಟಿಎಸ್ ಎಂಬ ಒಳ್ಳೆಯ ಸೌಲಭ್ಯವಿದೆ. ಆ ನೆನಪನ್ನೂ ಹೀಗೇ ಕವಡೆಗಳ ಸಾಲು ಮಾಡಿ ಜನರಿಗೆ ಅಂಕಿ ಹಚ್ಚುತ್ತಿದ್ದಾರೆ ಎಂದು 2018ರಲ್ಲಿ ಸಫಾರಿಯ ಎಂಜಿನ್ ತಯಾರಕರು ಅದಕ್ಕೆ ಕಡಿವಾಣ ಹಾಕಿದರು. 2019ರಲ್ಲಿ ಆಪಲ್ ಸಫಾರಿಯಿಂದ ‘ಡು ನಾಟ್ ಟ್ರ್ಯಾಕ್’ ಸಂಕೇತವನ್ನೇ ತೆಗೆಯಿತು. ಆನ್ ಮಾಡಿಕೊಂಡವರು ಕಡಿಮೆ, ಆದ್ದರಿಂದ ಅದೂ ಬೆರಳಚ್ಚಿನ ಒಂದು ಗೆರೆಯಾಗಬಹುದು ಎಂಬ ಕಾರಣಕ್ಕೆ. ಮೂರೂ ಕಡೆ ಆದದ್ದು ಒಂದೇ: ಬ್ರೌಸರಿನಲ್ಲಿ ನನ್ನದು ನಿನ್ನದು ಎಂದು ಬೇರೆಯಾಗುವ ಏನೇ ಇರಲಿ, ಹೊರಗಿನ ಪುಟ ಅದನ್ನು ಕೇಳಿ ತಿಳಿಯಬಹುದಾದರೆ ಅದು ಹೆಸರಿನ ಚೀಟಿ ಆಗುತ್ತದೆ.

ಹಾಗಾಗಿ ಫೌಂಡೇಶನ್ ಮಾಡಿದ್ದು, ಎಲ್ಲರ ಬ್ಯಾಡ್ಜರನ್ನೂ ಒಂದೇ ಥರ ಮಾಡುವ ಕೆಲಸ. ಕಲಿಯುವುದು ಬ್ಯಾಡ್ಜರ್ ಸೆಟ್ ಮಾತ್ರ. ಅದು ತಾಣಗಳನ್ನು ಸುತ್ತಿ ಕಲಿತ ಪಟ್ಟಿ ಆಗಾಗ ಹೊಸದಾಗಿ ಎಲ್ಲರಿಗೂ ಬರುತ್ತದೆ. ಮೈಸೂರಿನಲ್ಲಿರುವವರ ಬ್ಯಾಡ್ಜರ್ ತಡೆಯುವುದೂ ಮ್ಯೂನಿಕ್‌ನಲ್ಲಿರುವವರದು ತಡೆಯುವುದೂ ಒಂದೇ ಹೆಸರುಗಳನ್ನು. ಸಮವಸ್ತ್ರ ಹಾಕಿದ ಶಾಲೆಯ ಮಕ್ಕಳಲ್ಲಿ ದೂರದಿಂದ ಒಬ್ಬರನ್ನು ಹೆಕ್ಕುವುದು ಕಷ್ಟವಾಗುವ ಹಾಗೆ. ಬಳಸುವವರ ಗುರುತು ಮರೆಸುವ ಟಾರ್ ಬ್ರೌಸರ್ ಮಾಡುವವರು ಹೆಚ್ಚುವರಿ ಆಡ್-ಆನ್ ಹಾಕಬೇಡಿ ಎಂದು ಬಳಕೆದಾರರಿಗೆ ಹೇಳುವುದೂ ಇದೇ ಕಾರಣಕ್ಕೆ.

ಇದರಿಂದ ಬ್ಯಾಡ್ಜರ್ ಇನ್ನೊಂದು ಪಟ್ಟಿ ಆಡ್-ಆನ್ ಆಗಿಹೋಯಿತು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪಟ್ಟಿ ಹೌದು, ಆದರೆ ಅದು ಈಗಲೂ ನಡತೆ ನೋಡಿ ಯಂತ್ರ ತಯಾರಿಸಿದ ಪಟ್ಟಿ. ಯಾರು ಯಾಕೆ ಕೆಂಪಾದರು ಎಂಬುದಕ್ಕೆ ಅದೇ ಹಳೆಯ ನಿಯಮವಿದೆ. ಫೆಬ್ರವರಿಯಲ್ಲಿ ತಿಳಿದದ್ದು ಅಕ್ಟೋಬರ್‌ವರೆಗೆ ಎಳೆಯಿತಲ್ಲ ಎಂಬುದು ಇನ್ನೊಂದು ಆಕ್ಷೇಪ. ಸುಲಭವಾಗಿ ತೆಗೆಯಬಹುದಾದ ದೋಷವನ್ನು ಅವರು ತಕ್ಷಣ ತೆಗೆದಿದ್ದರು. ಕಲಿಕೆಯನ್ನು ಆಫ್ ಮಾಡುವ ಮೊದಲು ಅದರ ಜಾಗದಲ್ಲಿ ನಂಬಬಹುದಾದ ಪಟ್ಟಿ ನಿಲ್ಲಿಸದಿದ್ದರೆ ಜನ ನಿಜವಾದ ಟ್ರ್ಯಾಕರುಗಳಿಗೆ ಬಾಗಿಲು ತೆರೆದಿಟ್ಟಂತಾಗುತ್ತಿತ್ತು. ಕಾಗದದ ಮೇಲಿನ ಅಪಾಯಕ್ಕೆ ಹೆದರಿ ದಿನನಿತ್ಯದ ಅಪಾಯಕ್ಕೆ ಜನರನ್ನು ಒಡ್ಡುವುದು ಬುದ್ಧಿವಂತಿಕೆ ಆಗುತ್ತಿರಲಿಲ್ಲ.

ನನಗೆ ನಿಜವಾಗಿ ಕಾಡುವ ನಷ್ಟ ಬೇರೆ, ಅದು ನಮ್ಮ ಓದುಗರಿಗೇ ತಗಲುವಂಥದ್ದು. ಸೆಟ್ ಸುತ್ತುವುದು ಮುಖ್ಯವಾಗಿ ಲೋಕದಲ್ಲಿ ಹೆಚ್ಚು ಜನ ನೋಡುವ ತಾಣಗಳನ್ನು. ಜಿಲ್ಲಾ ಮಟ್ಟದ ಒಂದು ಕನ್ನಡ ಸುದ್ದಿ ಪುಟ, ಪಂಚಾಂಗದ ತಾಣ, ಪರೀಕ್ಷೆಯ ಫಲಿತಾಂಶ ನೋಡಲು ಮಕ್ಕಳು ನುಗ್ಗುವ ಜಾಹೀರಾತು ತುಂಬಿದ ಪುಟ, ಇವು ಅದರ ದಾರಿಯಲ್ಲಿ ಸಿಗುವುದು ಅಪರೂಪ. ಇಂಥ ಕಡೆ ಇರುವ ದೊಡ್ಡ ಜಾಗತಿಕ ಟ್ರ್ಯಾಕರುಗಳು ಹೇಗೂ ಪಟ್ಟಿಯಲ್ಲಿರುತ್ತವೆ. ಆದರೆ ನಮ್ಮ ಕಡೆಯ ತಾಣಗಳಲ್ಲಷ್ಟೇ ಓಡಾಡುವ ಚಿಕ್ಕ ಜಾಹೀರಾತು ಜಾಲವೊಂದನ್ನು ಹಳೆಯ ಬ್ಯಾಡ್ಜರ್ ಮೂರನೇ ತಾಣದಲ್ಲಿ ಹಿಡಿಯುತ್ತಿತ್ತು. ಹೊಸದಕ್ಕೆ ಅದರ ಪರಿಚಯವೇ ಇಲ್ಲದಿರಬಹುದು. ಕನ್ನಡದಲ್ಲಿ ಓದುವವರಿಗೆ ಸ್ಥಳೀಯ ಕಲಿಕೆಯಿಂದ ಸಿಗುತ್ತಿದ್ದ ಲಾಭ ಇಂಗ್ಲಿಷ್ ಓದುಗರಿಗಿಂತ ಹೆಚ್ಚು ಎಂಬುದು ನನ್ನ ಅನಿಸಿಕೆ. ನಷ್ಟವೂ ಅಷ್ಟೇ ಹೆಚ್ಚು.

ಈಗ ನಾನು ಮಾಡುವುದು

ಮನೆಯವರ ಯಂತ್ರಗಳಲ್ಲಿ ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್ ಒರಿಜಿನ್ ಎಂಬ, ಪಟ್ಟಿ ನೋಡಿ ತಡೆಯುವ ಆಡ್-ಆನ್. ಭಾರತೀಯ ಭಾಷೆಗಳ ತಾಣಗಳಿಗಾಗಿ ಇಂಡಿಯನ್‌ಲಿಸ್ಟ್ ಎಂಬ ಪಟ್ಟಿ ಇದೆ, ಅದನ್ನೂ ಸೇರಿಸುತ್ತೇನೆ. ಚಿಕ್ಕ ತಾಣಗಳ ವಿಷಯದಲ್ಲಿ ಮನುಷ್ಯರು ಬರೆದ ಪಟ್ಟಿಯೇ ಯಂತ್ರಕ್ಕಿಂತ ಹತ್ತಿರ ಹೋಗುತ್ತದೆ ಎಂದು ಈ ಪ್ರಕರಣದ ನಂತರ ಒಪ್ಪಿಕೊಂಡಿದ್ದೇನೆ. ಸ್ಲೈಡರ್ ನೋಡಿ ತಾವೇ ಹೊಂದಿಸಿಕೊಳ್ಳಲು ಇಷ್ಟಪಡುವವರಿಗೆ ಬ್ಯಾಡ್ಜರ್ ಹಾಕುತ್ತೇನೆ, ಕಲಿಕೆ ಆಫ್ ಇದ್ದ ಹಾಗೇ ಬಿಟ್ಟು. ಫೋನಿನಲ್ಲೂ ಫೈರ್‌ಫಾಕ್ಸ್ ಹಾಕಿಕೊಡುತ್ತೇನೆ, ಆಂಡ್ರಾಯ್ಡ್‌ನ ಕ್ರೋಮ್‌ಗೆ ಆಡ್-ಆನ್ ಹಾಕಲು ಬರುವುದಿಲ್ಲ. ನಾಲ್ಕೈದು ತಡೆ ಆಡ್-ಆನ್‌ಗಳನ್ನು ಒಂದರ ಮೇಲೊಂದು ಪೇರಿಸಿಕೊಂಡವರನ್ನು ಕಂಡರೆ ಎರಡಕ್ಕೆ ಇಳಿಸಿ ಎನ್ನುತ್ತೇನೆ. ಯಾರ ಹತ್ತಿರವೂ ಇಲ್ಲದ ಜೋಡಣೆ ನಿಮ್ಮ ಹತ್ತಿರ ಇದ್ದರೆ ಅದೂ ಒಂದು ಕವಡೆ.

ಕಲಿಕೆಯನ್ನು ಆನ್ ಮಾಡಿಟ್ಟಿರುವುದು ಒಂದೇ ಕಡೆ. ನನ್ನ ಕಂಪ್ಯೂಟರಿನಲ್ಲಿ ಬೇರೆ ಪ್ರೊಫೈಲ್ ಒಂದಿದೆ. ಅದರಲ್ಲಿ ಯಾವ ಖಾತೆಗೂ ಲಾಗಿನ್ ಆಗುವುದಿಲ್ಲ, ಮೇಲ್ ತೆರೆಯುವುದಿಲ್ಲ, ಏನೂ ಕೊಳ್ಳುವುದಿಲ್ಲ. ಬ್ಯಾಡ್ಜರ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಗೆ ಗುರುತು ಹಾಕುವಾಗ, ಇದರಿಂದ ತಾಣಗಳಿಗೆ ನಿಮ್ಮ ಗುರುತು ಸಿಗುವುದು ಹೆಚ್ಚಬಹುದು ಎಂಬ ಎಚ್ಚರಿಕೆ ಕಾಣುತ್ತದೆ, ಅದನ್ನು ಪ್ರತಿ ಸಲವೂ ಓದುತ್ತೇನೆ. ತಿಂಗಳಿಗೊಮ್ಮೆ ಬಿಡುವಾದಾಗ ಆ ಪ್ರೊಫೈಲ್‌ನಲ್ಲಿ ಕನ್ನಡ ತಾಣಗಳನ್ನು ಒಂದಾದ ಮೇಲೊಂದು ತೆರೆದು ಸುತ್ತುತ್ತೇನೆ. ಹೊಸದಾಗಿ ಕೆಂಪಾದ ಹೆಸರುಗಳು ಸಿಕ್ಕರೆ ಯಾವ ಪುಟದಲ್ಲಿ ಕಂಡವು ಎಂದು ಬರೆದಿಟ್ಟುಕೊಂಡು ಪಟ್ಟಿ ನೋಡಿಕೊಳ್ಳುವ ಸ್ವಯಂಸೇವಕರಿಗೆ ಕಳಿಸಿ, ಪ್ರೊಫೈಲ್ ಅಳಿಸಿಬಿಡುತ್ತೇನೆ.